ದೊಡ್ಡ ಬ್ಯಾಸ್ಕೆಟ್‌ಬಾಲ್ ಆಟಗಾರರು ಯಾವ ಸೀಮೆಯಿಂದ ಬರುತ್ತಾರೆ, ಏಕೆ?

ಪ್ರಶ್ನೆ: ಎನ್‌ಬಿಎ (ಅಮೆರಿಕದ ದೊಡ್ಡ ವೃತ್ತಿಪರ ಲೀಗ್) ಮಟ್ಟದ ಆಟಗಾರರು ಹೆಚ್ಚಾಗಿ ಯಾವ ಪ್ರದೇಶಗಳಿಂದ ಬರುತ್ತಾರೆ? ಅದಕ್ಕೆ ಕಾರಣ ಎತ್ತರವೋ, ತರಬೇತಿಯೋ? ನನ್ನ ಮಗನಿಗೆ 13 ವರ್ಷ, ಈಗಲೇ ಐದು ಅಡಿ ಹತ್ತು ಇಂಚು ಇದ್ದಾನೆ. ದಾವಣಗೆರೆಯಲ್ಲಿ ಶಾಲಾ ತಂಡಕ್ಕೆ ಆಡುತ್ತಾನೆ. ಅವನನ್ನು ಹೊರಗೆ ಎಲ್ಲಿಗಾದರೂ ಕಳಿಸಬೇಕೇ?

ಉತ್ತರ: ಏನನ್ನು ಎಣಿಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಬರೀ ತಲೆ ಎಣಿಸಿದರೆ ಅಮೆರಿಕ ಮೊದಲು, ಅದರಲ್ಲೂ ಲಾಸ್ ಏಂಜಲೀಸ್ ಸುತ್ತಲಿನ ಕ್ಯಾಲಿಫೋರ್ನಿಯಾ. ಜನಸಂಖ್ಯೆಗೆ ಹೋಲಿಸಿ ನೋಡಿದರೆ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡಿರುವ, ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಗೆ ಸರಿಸಾಟಿ ಸಿಗುವುದು ಕಷ್ಟ. ಅಮೆರಿಕದ ಹೊರಗೆ ಅತಿ ಹೆಚ್ಚು ಆಟಗಾರರನ್ನು ಕೊಡುವುದು ಕೆನಡಾ, ಮುಖ್ಯವಾಗಿ ಟೊರೊಂಟೊ ಸುತ್ತಮುತ್ತಲಿನ ಊರುಗಳು. ಲೀಗಿನಲ್ಲೇ ಅತ್ಯುತ್ತಮರು ಎನಿಸಿಕೊಂಡ ನಾಲ್ಕೈದು ಮಂದಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಚಿತ್ರವೇ ಬೇರೆ. 2023-24ರ ಎನ್‌ಬಿಎ ಮೊದಲ ಗೌರವ ತಂಡದ, ಅಂದರೆ ಆ ಋತುವಿನ ಅತ್ಯುತ್ತಮರೆಂದು ಆರಿಸಿದ, ಐವರಲ್ಲಿ ಸ್ಲೊವೇನಿಯಾದ ಲೂಕಾ ಡಾನ್ಚಿಚ್, ಸರ್ಬಿಯಾದ ನಿಕೋಲಾ ಯೋಕಿಚ್, ಗ್ರೀಸ್‌ನ ಯಾನಿಸ್ ಆಂಟೆಟೊಕೂಂಪೊ ಇದ್ದರು. ನಾಲ್ಕನೆಯವರು ಕೆನಡಾದ ಶೇ ಗಿಲ್ಜಸ್-ಅಲೆಕ್ಸಾಂಡರ್. ಅಮೆರಿಕದವರು ಜೇಸನ್ ಟೇಟಮ್ ಒಬ್ಬರೇ. 2019ರಿಂದ 2025ರವರೆಗೆ ಸತತ ಏಳು ವರ್ಷ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅಮೆರಿಕದ ಹೊರಗೆ ಹುಟ್ಟಿದವರಿಗೇ ಸಿಕ್ಕಿದೆ.

ಈಗ ಜನಸಂಖ್ಯೆಯ ಲೆಕ್ಕ. 2024-25ರ ಋತು ಶುರುವಾದಾಗ ಎನ್‌ಬಿಎ ತಂಡಗಳಲ್ಲಿ ಅಮೆರಿಕದವರಲ್ಲದ ಸುಮಾರು 125 ಆಟಗಾರರಿದ್ದರು. ಒಟ್ಟು ಐನೂರರ ಮೇಲೆ ಸ್ಥಾನಗಳಿರುವ ಲೀಗಿನಲ್ಲಿ ಅದು ಕಾಲುಭಾಗಕ್ಕೆ ಸಮೀಪ. ಉಳಿದ 400ರ ಆಸುಪಾಸಿನ ಅಮೆರಿಕನ್ನರನ್ನು ಅಲ್ಲಿನ 34 ಕೋಟಿ ಜನಸಂಖ್ಯೆಗೆ ಹಂಚಿದರೆ ಹತ್ತು ಲಕ್ಷಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಇಪ್ಪತ್ತಕ್ಕೂ ಹೆಚ್ಚು ಆಟಗಾರರಿರುವ, 4 ಕೋಟಿ ಜನರ ಕೆನಡಾದಲ್ಲಿ ಅದು ಹತ್ತು ಲಕ್ಷಕ್ಕೆ ಅರ್ಧ. 14 ಆಟಗಾರರನ್ನು ಕೊಟ್ಟ ಫ್ರಾನ್ಸ್‌ನಲ್ಲಿ ಐದನೇ ಒಂದು ಭಾಗ. ಅಂದರೆ ವಿದೇಶಿಯರ ಅಬ್ಬರ ಎಷ್ಟೇ ಕೇಳಿಬಂದರೂ ದೊಡ್ಡ ದೇಶಗಳ ಪೈಕಿ ಜನಸಂಖ್ಯೆಯ ಲೆಕ್ಕದಲ್ಲೂ ಅಮೆರಿಕವೇ ಬಹಳ ಮುಂದಿದೆ.

ಚಿಕ್ಕ ದೇಶಗಳಲ್ಲಿ ಈ ಭಾಗಾಕಾರ ದಾರಿ ತಪ್ಪಿಸುತ್ತದೆ. ಸುಮಾರು ನಾಲ್ಕು ಲಕ್ಷ ಜನರಿರುವ ಬಹಾಮಾಸ್ ದ್ವೀಪಗಳಿಂದ ಎನ್‌ಬಿಎ ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) ಮೊದಲ ಆಯ್ಕೆಯಾದವರೇ ಇಬ್ಬರಿದ್ದಾರೆ: 1978ರಲ್ಲಿ ಮೈಕಲ್ ಥಾಂಪ್ಸನ್, 2018ರಲ್ಲಿ ಡಿಆಂಡ್ರೆ ಏಟನ್. 2025ರ ಮೂರನೇ ಆಯ್ಕೆ ವಿ.ಜೆ. ಎಜ್‌ಕೂಂಬ್ ಅಲ್ಲಿನ ಬಿಮಿನಿ ಎಂಬ ಪುಟ್ಟ ದ್ವೀಪದ ಹುಡುಗ. ಏಟನ್, ಬಡ್ಡಿ ಹೀಲ್ಡ್, ಎಜ್‌ಕೂಂಬ್ ಈ ಮೂವರನ್ನೇ ಹಿಡಿದರೂ ಹತ್ತು ಲಕ್ಷಕ್ಕೆ ಏಳೂವರೆ ಬರುತ್ತದೆ. ಆದರೆ ಒಬ್ಬ ನಿವೃತ್ತನಾದರೆ ಸಾಕು, ಆ ಅಂಕಿ ಐದಕ್ಕೆ ಇಳಿಯುತ್ತದೆ. ಚಿಕ್ಕ ಪ್ರದೇಶಗಳನ್ನು ಕನಿಷ್ಠ 20-30 ವರ್ಷದ ಅವಧಿಗೆ ನೋಡಬೇಕು. ಹಾಗೆ ನೋಡಿದ ಮೇಲೂ ಗಟ್ಟಿಯಾಗಿ ನಿಲ್ಲುವವು ಹಳೆಯ ಯುಗೊಸ್ಲಾವಿಯದ ತುಂಡು ದೇಶಗಳು (ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ ಮುಂತಾದವು) ಮತ್ತು ಲಿಥುವೇನಿಯಾ.

ಇನ್ನೊಂದು ತಪ್ಪು, ಹುಟ್ಟಿದ ಊರನ್ನೇ ಬೆಳೆಸಿದ ಊರು ಅಂದುಕೊಳ್ಳುವುದು. ಓಹಾಯೊದ ಆಕ್ರನ್ ಎಂಬ ನಡುಗಾತ್ರದ ನಗರದಲ್ಲಿ ಲೀಗಿನ ಇಬ್ಬರು ದೊಡ್ಡ ತಾರೆಯರು ಹುಟ್ಟಿದ್ದಾರೆ: ಲೆಬ್ರಾನ್ ಜೇಮ್ಸ್ 1984ರಲ್ಲಿ, ಸ್ಟೆಫೆನ್ ಕರಿ 1988ರಲ್ಲಿ. ಲೆಬ್ರಾನ್ ಆಟ ಕಲಿತದ್ದು ಅಲ್ಲೇ. ಕರಿ ಕಲಿತದ್ದು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ. ಮೈಕಲ್ ಜೋರ್ಡನ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಾದರೂ ಬೆಳೆದದ್ದು ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ. ಕೆನಡಾದಲ್ಲಿ ಬೆಳೆದ ಸ್ಟೀವ್ ನ್ಯಾಶ್ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದರೆಂದು ಅವರನ್ನು ದಕ್ಷಿಣ ಆಫ್ರಿಕಾದ ಖಾತೆಗೆ ಬರೆಯಲಾಗದು. ಹಾಗೆಂದು ಓದಿದ ಹೈಸ್ಕೂಲನ್ನು ಹಿಡಿದರೂ ತೊಂದರೆ ತಪ್ಪುವುದಿಲ್ಲ. 2025ರ ಮೊದಲ ಆಯ್ಕೆ ಕೂಪರ್ ಫ್ಲಾಗ್ ಮೇನ್ ರಾಜ್ಯದ ನ್ಯೂಪೋರ್ಟ್ ಎಂಬ ಸಣ್ಣ ಊರಿನವನು, ಹೈಸ್ಕೂಲಿನ ನಡುವೆ ಫ್ಲಾರಿಡಾದ ಮಾಂಟ್‌ವರ್ಡ್ ಅಕಾಡೆಮಿ ಸೇರಿದ. ಬೆನ್ ಸಿಮನ್ಸ್, ಆರ್.ಜೆ. ಬ್ಯಾರೆಟ್, ಕೇಡ್ ಕನಿಂಗ್‌ಹ್ಯಾಮ್ ಕೂಡ ಅಲ್ಲಿಗೆ ಬಂದವರೇ. ಅಂಥ ವಸತಿ ಶಾಲೆಗಳು ಅದಾಗಲೇ ಹದವಾಗಿರುವ ಹುಡುಗರನ್ನು ಒಟ್ಟುಗೂಡಿಸುತ್ತವೆ. ಅವರನ್ನು ಮೊದಲಿನಿಂದ ತಯಾರು ಮಾಡಿದ್ದು ಬೇರೆ ಊರು. ಆದ್ದರಿಂದ 9ರಿಂದ 15ನೇ ವಯಸ್ಸಿನವರೆಗೆ ಹುಡುಗ ಎಲ್ಲಿ ಆಡಿದ ಎಂಬುದನ್ನೇ ನಾನು ಪ್ರದೇಶದ ಗುರುತಾಗಿ ಹಿಡಿಯುತ್ತೇನೆ.

ಎತ್ತರದ ವಿಷಯಕ್ಕೆ ಬರೋಣ. ಎನ್‌ಬಿಎ ಆಟಗಾರರ ಸರಾಸರಿ ಎತ್ತರ ಸುಮಾರು 198 ಸೆಂ.ಮೀ., ಹಾಗಾಗಿ ಎತ್ತರವಿಲ್ಲದೆ ಆಗುವುದಿಲ್ಲ. ಆದರೆ ಎತ್ತರವೇ ಎಲ್ಲ ಆಗಿದ್ದರೆ ನೆದರ್ಲೆಂಡ್ಸ್ ಜಗತ್ತನ್ನೇ ಆಳಬೇಕಿತ್ತು. ಅಲ್ಲಿನ ಯುವಕರ ಸರಾಸರಿ ಎತ್ತರ 183 ಸೆಂ.ಮೀ. ಆಸುಪಾಸು, ಜನ 1.8 ಕೋಟಿ. ಇಷ್ಟಿದ್ದೂ 1988ರ ಎರಡನೇ ಆಯ್ಕೆ ರಿಕ್ ಸ್ಮಿಟ್ಸ್ ಬಿಟ್ಟರೆ ಹೇಳಿಕೊಳ್ಳುವಂಥ ಹೆಸರುಗಳು ತೀರಾ ಕಡಿಮೆ. ಅಲ್ಲಿ ಎತ್ತರದ ಮಕ್ಕಳನ್ನು ಫುಟ್‌ಬಾಲ್, ಸ್ಪೀಡ್ ಸ್ಕೇಟಿಂಗ್‌ನಂಥ ಆಟಗಳು ಮೊದಲೇ ಎಳೆದುಕೊಳ್ಳುತ್ತವೆ. ಇತ್ತ 30 ಲಕ್ಷವೂ ಇಲ್ಲದ ಲಿಥುವೇನಿಯಾದಲ್ಲಿ ಬ್ಯಾಸ್ಕೆಟ್‌ಬಾಲೇ ಮೊದಲ ಆಟ. 1937 ಮತ್ತು 1939ರಲ್ಲೇ ಆ ದೇಶ ಯುರೋಪಿನ ಚಾಂಪಿಯನ್ ಆಗಿತ್ತು. 1988ರ ಒಲಿಂಪಿಕ್ ಚಿನ್ನ ಗೆದ್ದ ಸೋವಿಯತ್ ತಂಡದ ಬೆನ್ನೆಲುಬಾಗಿದ್ದವರು ಸಬೋನಿಸ್, ಮಾರ್ಚುಲಿಯೋನಿಸ್ ಸೇರಿ ನಾಲ್ವರು ಲಿಥುವೇನಿಯನ್ನರು. ಊರಿನ ಎತ್ತರದ ಹುಡುಗ ಮೊದಲು ಯಾವ ಅಂಕಣಕ್ಕೆ ಕಾಲಿಡುತ್ತಾನೆ ಎಂಬುದು ಅವನ ಎತ್ತರದಷ್ಟೇ ಮುಖ್ಯ.

ಪ್ರಿನ್ಸ್ ಜಾರ್ಜಸ್ ಕೌಂಟಿಯನ್ನು ಹತ್ತಿರದಿಂದ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಈ ಜಿಲ್ಲೆಯಲ್ಲಿ ಕೆವಿನ್ ಡ್ಯುರಾಂಟ್, ವಿಕ್ಟರ್ ಒಲಡಿಪೊ, 2017ರ ಮೊದಲ ಆಯ್ಕೆ ಮಾರ್ಕೆಲ್ ಫುಲ್ಟ್ಜ್ ಬೆಳೆದರು. ವಾಷಿಂಗ್ಟನ್‌ನಿಂದ ಇಲ್ಲಿಗೆ ಬಂದು ನೆಲೆಸಿದ ಕಪ್ಪು ಮಧ್ಯಮ ವರ್ಗದ ಕುಟುಂಬಗಳು ಆಟದ ಹುಚ್ಚನ್ನೂ ಜೊತೆಗೆ ತಂದವು. ಬಡಾವಣೆ ಬಡಾವಣೆಗೂ ಸರ್ಕಾರಿ ಮನರಂಜನಾ ಕೇಂದ್ರಗಳಿವೆ, ಒಳಾಂಗಣ ಅಂಕಣಗಳಿವೆ. ಡ್ಯುರಾಂಟ್ ಆಟ ಕಲಿತದ್ದು ಸೀಟ್ ಪ್ಲೆಸೆಂಟ್ ಎಂಬ ಪುಟ್ಟ ಊರಿನ ಅಂಥ ಒಂದು ಕೇಂದ್ರದಲ್ಲಿ. ಎದುರಾಳಿಗಳೆಲ್ಲ ಒಂದು ಬಸ್ಸಿನ ದೂರದಲ್ಲೇ ಸಿಗುತ್ತಾರೆ, ಚಳಿಗಾಲ ಬಂದರೂ ಆಟ ನಿಲ್ಲುವುದಿಲ್ಲ.

ಅದರ ಮೇಲೆ ಶಾಲೆಗಳು. ಹಯಟ್ಸ್‌ವಿಲ್‌ನ ಡಿಮಾಥಾ ಕ್ಯಾಥೊಲಿಕ್ ಶಾಲೆಯಲ್ಲಿ ಮಾರ್ಗನ್ ವೂಟನ್ 46 ವರ್ಷ ಕೋಚ್ ಆಗಿದ್ದು 1,274 ಪಂದ್ಯ ಗೆದ್ದರು. ಅವರ ಕೆಲಸದ ರೀತಿಗೆ ಒಂದು ಉದಾಹರಣೆ ಸಾಕು. 1965ರ ಜನವರಿಯಲ್ಲಿ ಅವರ ಹುಡುಗರು ನ್ಯೂಯಾರ್ಕಿನ ಪವರ್ ಮೆಮೋರಿಯಲ್ ಶಾಲೆಯನ್ನು ಎದುರಿಸಬೇಕಿತ್ತು. ಸತತ 71 ಪಂದ್ಯ ಗೆದ್ದಿದ್ದ ಆ ತಂಡದ ಸೆಂಟರ್ (ಬ್ಯಾಸ್ಕೆಟ್ ಬಳಿ ಆಡುವ ಎತ್ತರದ ಆಟಗಾರ) ಲ್ಯೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್-ಜಬ್ಬಾರ್ ಎಂದು ಹೆಸರಾದವರು. ಏಳಡಿಯ ಆ ಹುಡುಗನ ಕೈಗೆ ಸಿಗದಂತೆ ಶಾಟ್ ಹೊಡೆಯುವುದನ್ನು ಕಲಿಸಲು ವೂಟನ್ ಅಭ್ಯಾಸದ ವೇಳೆ ರಕ್ಷಣೆಗೆ ನಿಂತವರ ಕೈಗೆ ಟೆನಿಸ್ ರಾಕೆಟ್ ಕೊಟ್ಟು ಮೇಲಕ್ಕೆತ್ತಿ ಹಿಡಿಸಿದರು. ರಾಕೆಟ್ ಮೇಲಿನಿಂದ ಚೆಂಡು ದಾಟಿಸಲು ಹುಡುಗರು ಶಾಟಿನ ಕಮಾನನ್ನೇ ಎತ್ತರಿಸಿಕೊಂಡರು. ಡಿಮಾಥಾ 46-43ರಿಂದ ಗೆದ್ದಿತು. ಮುಂದೇನು ಎದುರಾಗುತ್ತದೆ ಎಂದು ತಿಳಿದು ಅಭ್ಯಾಸವನ್ನು ಅದಕ್ಕೆ ತಕ್ಕಂತೆ ಕಟ್ಟುವ ಕೋಚ್ ಶಾಲೆಯ ಮಟ್ಟದಲ್ಲೇ ಸಿಗುವುದಿದೆಯಲ್ಲ, ಅದು ಆ ಪ್ರದೇಶದ ನಿಜವಾದ ಸಂಪತ್ತು.

ಹಳೆಯ ಯುಗೊಸ್ಲಾವಿಯ ಇದ್ದ ಬಾಲ್ಕನ್ ನಾಡಿನ ದಾರಿ ಬೇರೆ. ಅಲ್ಲಿ ಆಟ ನಡೆಯುವುದು ಕ್ಲಬ್ಬುಗಳಲ್ಲಿ. ಏಳೆಂಟು ವರ್ಷದ ಮಕ್ಕಳಿಂದ ಹಿಡಿದು ಸಂಬಳದ ಆಟಗಾರರವರೆಗೆ ಒಂದೇ ಕ್ಲಬ್ಬು, ಒಂದೇ ಏಣಿ. ಅಮೆರಿಕದ ಹುಡುಗ ಬೇಸಿಗೆಯ ಟೂರ್ನಿಗಳಲ್ಲಿ ಒಂದೇ ವಾರಾಂತ್ಯಕ್ಕೆ ನಾಲ್ಕೈದು ಪಂದ್ಯ ಆಡಿದರೆ, ಬೆಲ್‌ಗ್ರೇಡಿನ ಹುಡುಗ ವಾರವಿಡೀ ಅಭ್ಯಾಸ ಮಾಡಿ ಒಂದು ಪಂದ್ಯ ಆಡುತ್ತಾನೆ. ಎತ್ತರದ ಹುಡುಗನನ್ನು ಬ್ಯಾಸ್ಕೆಟ್ ಕೆಳಗೆ ನಿಲ್ಲಿಸಿಬಿಡದೆ ಡ್ರಿಬಲ್ (ಚೆಂಡು ಪುಟಿಸುತ್ತ ಸಾಗುವುದು), ಪಾಸ್, ಶಾಟ್ ಎಲ್ಲವನ್ನೂ ಗಿಡ್ಡ ಹುಡುಗರಿಗೆ ಕಲಿಸಿದ ಹಾಗೆಯೇ ಕಲಿಸುತ್ತಾರೆ. ಸೆಂಟರ್ ಆಗಿದ್ದೂ ಇಡೀ ತಂಡದ ಆಟವನ್ನು ಪಾಸ್‌ಗಳಿಂದಲೇ ನಡೆಸುವ ಯೋಕಿಚ್ ಈ ಪದ್ಧತಿಯ ಫಲ. ಸೊಂಬೋರ್ ಎಂಬ ಊರಿನ, ಜಿಗಿತವೂ ವೇಗವೂ ಅಷ್ಟಕ್ಕಷ್ಟೇ ಇದ್ದ ಈ ಹುಡುಗ ಬೆಲ್‌ಗ್ರೇಡಿನ ಮೆಗಾ ಕ್ಲಬ್ ಸೇರಿದ. ಹದಿಹರೆಯದವರಿಗೆ ದೊಡ್ಡವರ ಲೀಗಿನಲ್ಲೇ ಆಡಲು ಅವಕಾಶ ಕೊಟ್ಟು, ಆಮೇಲೆ ದೊಡ್ಡ ಕ್ಲಬ್ಬುಗಳಿಗೂ ಎನ್‌ಬಿಎಗೂ ದಾಟಿಸುವುದೇ ಆ ಕ್ಲಬ್ಬಿನ ಕಸುಬು. 2014ರ ಡ್ರಾಫ್ಟಿನಲ್ಲಿ 41ನೆಯವನಾಗಿ ಆಯ್ಕೆಯಾದ ಯೋಕಿಚ್ ಮುಂದೆ ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು.

ಈ ಪರಂಪರೆ ನಿನ್ನೆ ಮೊನ್ನೆಯದಲ್ಲ. ಯುಗೊಸ್ಲಾವಿಯ 1970, 1978, 1990ರಲ್ಲಿ ವಿಶ್ವ ಚಾಂಪಿಯನ್ ಆಗಿತ್ತು. ಈಗ ಕ್ರೊಯೇಷಿಯಾದಲ್ಲಿರುವ ಕರಾವಳಿಯ ಸ್ಪ್ಲಿಟ್ ನಗರದ ಕ್ಲಬ್ 1989ರಿಂದ ಸತತ ಮೂರು ಬಾರಿ ಯುರೋಪಿನ ಕಪ್ ಗೆದ್ದಿತು. ಟೋನಿ ಕುಕೋಚ್, ಡಿನೋ ರಾಜಾ ಇಬ್ಬರೂ ಅದೇ ಊರಿನವರು, ಅಲ್ಲಿಂದ ಸ್ವಲ್ಪವೇ ದೂರದ ಶಿಬೆನಿಕ್‌ನವರು ಡ್ರಾಜೆನ್ ಪೆಟ್ರೋವಿಚ್. ಇದೇ ಸಾಲಿಗೆ ಡಾನ್ಚಿಚ್ ಅವರನ್ನು ಸೇರಿಸುವಾಗ ಒಂದು ತಿದ್ದುಪಡಿ ಬೇಕು: ಅಡಿಪಾಯ ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನದ್ದು, ಆದರೆ 13ನೇ ವಯಸ್ಸಿಗೇ ಅವರು ರಿಯಲ್ ಮ್ಯಾಡ್ರಿಡ್ ಸೇರಿದರು. 16ಕ್ಕೆ ಅಲ್ಲಿನ ದೊಡ್ಡವರ ತಂಡದಲ್ಲಿ ಆಡಿದರು.

ಫ್ರಾನ್ಸ್‌ನಲ್ಲಿ ಆಟದ ಒಕ್ಕೂಟವೇ ಈ ಹೊಣೆ ಹೊತ್ತಿದೆ. ಹದಿಮೂರರ ಆಸುಪಾಸಿನ ಮಕ್ಕಳನ್ನು ಪ್ರಾದೇಶಿಕ ಕೇಂದ್ರಗಳಲ್ಲಿ ಬೆಳೆಸಿ, ಅವರಲ್ಲಿ ಆಯ್ದವರನ್ನು ಪ್ಯಾರಿಸಿನ ಇನ್‌ಸೆಪ್ ಸಂಸ್ಥೆಗೆ ಕರೆತರುತ್ತಾರೆ. ಟೋನಿ ಪಾರ್ಕರ್, ಬೋರಿಸ್ ಡಿಯಾವ್ ಅಲ್ಲಿಂದ ಬಂದವರು. ಈ ಹುಡುಗರ ತಂಡ ದೊಡ್ಡವರ ಮೂರನೇ ದರ್ಜೆಯ ಲೀಗಿನಲ್ಲಿ ಆಡುತ್ತದೆ, ಎಷ್ಟೇ ಸೋತರೂ ಕೆಳದರ್ಜೆಗೆ ಇಳಿಸುವುದಿಲ್ಲ. ಹೆಚ್ಚಿನ ಪಂದ್ಯಗಳನ್ನು ಸೋತೇ ಸೋಲುತ್ತಾರೆ, ಆದರೆ ಮೂವತ್ತು ದಾಟಿದ ಗಟ್ಟಿ ಆಟಗಾರರ ತಳ್ಳಾಟದ ನಡುವೆ ಚೆಂಡು ಕಾಯ್ದುಕೊಳ್ಳುವುದನ್ನು 16ರ ವಯಸ್ಸಿಗೇ ಕಲಿಯುತ್ತಾರೆ. ಫ್ರಾನ್ಸಿನ ಈಗಿನ ತಾರೆ ವಿಕ್ಟರ್ ವೆಂಬನ್ಯಾಮಾ ಇನ್‌ಸೆಪ್ ಬದಲು ನಾಂಟೇರ್ ಕ್ಲಬ್ಬಿನ ದಾರಿ ಹಿಡಿದು 2023ರಲ್ಲಿ ಮೊದಲ ಆಯ್ಕೆಯಾದರು. ಮರುವರ್ಷದ ಮೊದಲೆರಡು ಆಯ್ಕೆಗಳೂ ಫ್ರೆಂಚರೇ.

ಟೊರೊಂಟೊದ ಕಥೆ ಚಿಕ್ಕದು. 1995ರಲ್ಲಿ ರ‍್ಯಾಪ್ಟರ್ಸ್ ಎಂಬ ಎನ್‌ಬಿಎ ತಂಡ ಬಂತು, 1998ರಲ್ಲಿ ಅದಕ್ಕೆ ವಿನ್ಸ್ ಕಾರ್ಟರ್ ಎಂಬ ಆಟಗಾರ ಬಂದು ಮಕ್ಕಳಿಗೆ ಹುಚ್ಚು ಹಿಡಿಸಿದರು. ಕೆರಿಬಿಯನ್ ಮತ್ತು ಆಫ್ರಿಕಾದಿಂದ ವಲಸೆ ಬಂದ ಕುಟುಂಬಗಳ ಒಂದು ತಲೆಮಾರು ಆಗ ಬ್ರಾಂಪ್ಟನ್, ಮಿಸ್ಸಿಸಾಗಾದಂಥ ಊರುಗಳಲ್ಲಿ ಬೆಳೆಯುತ್ತಿತ್ತು. 2013 ಮತ್ತು 2014ರ ಮೊದಲ ಆಯ್ಕೆಗಳಾದ ಆಂಥನಿ ಬೆನೆಟ್, ಆಂಡ್ರ್ಯೂ ವಿಗಿನ್ಸ್ ಆ ತಲೆಮಾರಿನವರು. ಗಿಲ್ಜಸ್-ಅಲೆಕ್ಸಾಂಡರ್ ಬೆಳೆದ ಹ್ಯಾಮಿಲ್ಟನ್ ಕೂಡ ಅಲ್ಲಿಂದ ದೂರವಿಲ್ಲ.

ಪಶ್ಚಿಮ ಮತ್ತು ಮಧ್ಯ ಆಫ್ರಿಕಾ, ದಕ್ಷಿಣ ಸುಡಾನ್‌ಗಳಲ್ಲಿ ದೇಹಬಲಕ್ಕೆ ಕೊರತೆಯಿಲ್ಲ, ಅಂಕಣಗಳದ್ದೇ ಕೊರತೆ. 2023ರ ಅತ್ಯುತ್ತಮ ಆಟಗಾರ ಜೋಯೆಲ್ ಎಂಬೀಡ್ ಕ್ಯಾಮರೂನಿನ ಯೌಂಡೆಯಲ್ಲಿ ಹುಟ್ಟಿ, ಆಟ ಶುರುಮಾಡಿದ್ದೇ ಹದಿನೈದರ ನಂತರ. ಎತ್ತರಕ್ಕೆ ಹೆಸರಾದ ಡಿಂಕಾ ಜನರ ನಾಡಾದ ದಕ್ಷಿಣ ಸುಡಾನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುನ್ನ ಅಭ್ಯಾಸ ಪಂದ್ಯದಲ್ಲಿ ಅಮೆರಿಕದ ಎದುರು ಸೋತದ್ದು ಒಂದೇ ಅಂಕದಿಂದ, 100-101. ಆ ತಂಡದ ಬಹುತೇಕರು ಆಟ ಕಲಿತದ್ದು ಆಸ್ಟ್ರೇಲಿಯಾ, ಅಮೆರಿಕದಂಥ ಆಶ್ರಯ ಕೊಟ್ಟ ನಾಡುಗಳಲ್ಲಿ. ಉಗಾಂಡದಲ್ಲಿ ಬೆಳೆದ ಖಮಾನ್ ಮಲುವಾಚ್ ಸೆನೆಗಲ್‌ನಲ್ಲಿರುವ ಎನ್‌ಬಿಎ ಅಕಾಡೆಮಿ ಸೇರಿ 2025ರಲ್ಲಿ ಹತ್ತನೇ ಆಯ್ಕೆಯಾದ. ಇಲ್ಲಿ ಕೋಚ್ ಮತ್ತು ಅಂಕಣ ಸಿಕ್ಕಷ್ಟೂ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಪಟ್ಟಿ ಬದಲಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಭಾರತಕ್ಕೆ ಬಂದರೆ, ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಸತ್ನಾಮ್ ಸಿಂಗ್ (2015, 52ನೇ ಆಯ್ಕೆ) ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಹಳ್ಳಿಯವರು, ಪಳಗಿದ್ದು ಲೂಧಿಯಾನ ಅಕಾಡೆಮಿಯಲ್ಲಿ. ಪಂಜಾಬಿನಲ್ಲಿ ಎತ್ತರವೂ ಇದೆ, ಅಕಾಡೆಮಿಯೂ ಇದೆ. ಮೇಲಿನ ಮೆಟ್ಟಿಲು ಮಾತ್ರ ಇಲ್ಲ. ವರ್ಷವಿಡೀ ನಡೆಯುವ ಗಟ್ಟಿ ವೃತ್ತಿಪರ ಲೀಗ್ ಬೇರೂರದ ಕಾರಣ ಒಳ್ಳೆಯ ಆಟಗಾರ ಇಪ್ಪತ್ತರ ಆಸುಪಾಸಿನಲ್ಲಿ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ಕೆಲಸ ಹಿಡಿಯುತ್ತಾನೆ. ಕುಟುಂಬಕ್ಕೆ ಅದು ಸರಿಯಾದ ನಿರ್ಧಾರವೇ. ಆದರೆ ವಾರವಾರವೂ ತನಗಿಂತ ಬಲ್ಲವರನ್ನು ಎದುರಿಸುವ ಅವಕಾಶ ಅಲ್ಲಿಗೆ ನಿಂತುಹೋಗುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಮೊದಲು ಎತ್ತರದ ಅಂದಾಜು ಮಾಡಿಕೊಳ್ಳಿ. ಹುಡುಗರಿಗೆ ಬಳಸುವ ಸೂತ್ರ ಹೀಗೆ: ತಂದೆ ತಾಯಿಯ ಎತ್ತರ ಕೂಡಿಸಿ, 13 ಸೆಂ.ಮೀ. ಸೇರಿಸಿ, ಎರಡರಿಂದ ಭಾಗಿಸಿ. ನೀವು 172, ಮಗುವಿನ ತಾಯಿ 160 ಎಂದಿಟ್ಟುಕೊಂಡರೆ 172.5 ಬರುತ್ತದೆ, ಅದರಿಂದ ಎಂಟೊಂಬತ್ತು ಸೆಂ.ಮೀ. ಆಚೀಚೆ ಆಗಬಹುದು. ಈಗಾಗಲೇ 178 ಇರುವ ಹುಡುಗ ಅಂಥ ಮನೆಯವನಾದರೆ ಅವನ ಬೆಳವಣಿಗೆ ಬೇಗ ಬಂದಿದೆ, ಬೇಗ ನಿಲ್ಲಲೂಬಹುದು. ಮಕ್ಕಳ ವೈದ್ಯರು ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಹೇಳಬಲ್ಲರು. 13ರಲ್ಲಿ ತಂಡಕ್ಕೆಲ್ಲ ಎತ್ತರವಾಗಿದ್ದು ಸೆಂಟರ್ ಆಡಿದವನು 17ರಲ್ಲಿ ಗಾರ್ಡಿನ (ಚೆಂಡು ಒಯ್ಯುವ, ಅಷ್ಟು ಎತ್ತರವಿಲ್ಲದ ಆಟಗಾರನ) ಎತ್ತರಕ್ಕೇ ನಿಂತು, ಡ್ರಿಬಲ್ ಬಾರದೆ ಎಲ್ಲೂ ಸಲ್ಲದಂತಾಗುವುದು ನಮ್ಮ ಶಾಲಾ ತಂಡಗಳಲ್ಲಿ ಬಹಳ ಸಾಮಾನ್ಯ. ಆದ್ದರಿಂದ ಅವನ ಕೋಚ್ ಹತ್ತಿರ ಇಷ್ಟು ಕೇಳಿಕೊಳ್ಳಿ: ಪಂದ್ಯದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಲಿ, ಅಭ್ಯಾಸದಲ್ಲಿ ಮಾತ್ರ ಗಾರ್ಡುಗಳ ಜೊತೆ ಚೆಂಡು ಒಯ್ಯುವುದನ್ನು ಕಲಿಸಲಿ.

ದಿನಕ್ಕೆ ಇಪ್ಪತ್ತು ನಿಮಿಷ ಎಡಗೈ ಡ್ರಿಬಲ್‌ಗೆ ಮೀಸಲಿಡಿ. ಬ್ಯಾಸ್ಕೆಟ್‌ಗೆ ಎರಡು ಮೀಟರ್ ಹತ್ತಿರದಿಂದ ನೂರು ಶಾಟ್, ಒಂದೇ ಕೈಯಲ್ಲಿ, ಇನ್ನೊಂದು ಕೈ ಬರೀ ಆಸರೆಗೆ. ದೂರದ ಶಾಟ್ ಆಮೇಲೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಕೈಗೆ ದೊಡ್ಡವರ 7ನೇ ಅಳತೆಯ ಚೆಂಡು ಕೊಡಬೇಡಿ. ಹನ್ನೊಂದು ಹನ್ನೆರಡರವರೆಗೆ 5ನೇ ಅಳತೆ, ಆಮೇಲೆ 6. ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರಿಂಗ್ 2.60 ಮೀಟರ್‌ನಲ್ಲಿರುತ್ತದೆ, ದೊಡ್ಡವರದ್ದು 3.05. ಭಾರದ ಚೆಂಡನ್ನು ಎತ್ತರದ ರಿಂಗಿಗೆ ಹಾಕಲು ಹೋಗುವ ಮಗು ಎರಡೂ ಕೈಯಲ್ಲಿ ಹೆಗಲಿನಿಂದ ತಳ್ಳುವುದನ್ನು ರೂಢಿಸಿಕೊಳ್ಳುತ್ತದೆ. ಮುಂದೆ ಆ ರೂಢಿ ಬಿಡಿಸಲು ವರ್ಷಗಳೇ ಬೇಕು. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡಿ. ಬೆಳವಣಿಗೆ ಜೋರಾಗಿರುವ ತಿಂಗಳುಗಳಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ನೋವು, ಊತ ಬಂದರೆ ಜಿಗಿತದ ಅಭ್ಯಾಸ ಕಡಿಮೆ ಮಾಡಿಸಿ ವೈದ್ಯರಿಗೆ ತೋರಿಸಿ. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ ಇರಲಿ. 14 ತುಂಬುವವರೆಗೆ ಇದೊಂದೇ ಆಟಕ್ಕೆ ಕಟ್ಟಿಹಾಕಬೇಡಿ ಎಂದು ಎನ್‌ಬಿಎ ಮತ್ತು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಸೇರಿ ಕೊಟ್ಟಿರುವ ಸೂಚನೆಯೂ ಹೇಳುತ್ತದೆ.

ಕಳಿಸಬೇಕೇ ಎಂದರೆ, ಈಗ ವಿದೇಶಕ್ಕೆ ಬೇಡ. ದಾವಣಗೆರೆಯಲ್ಲಿ ತನ್ನ ವಯಸ್ಸಿನವರನ್ನು ಸುಲಭವಾಗಿ ಸೋಲಿಸುತ್ತಿದ್ದರೆ ವಾರಕ್ಕೆ ಎರಡು ದಿನ ಕಾಲೇಜು ಹುಡುಗರ ಜೊತೆ ಆಡಿಸಿ. ಅಲ್ಲೂ ಸಾಲದಾದಾಗ ಬೆಂಗಳೂರಿನ ಕ್ಲಬ್ಬುಗಳು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳ ಆಯ್ಕೆ, 16 ವರ್ಷದೊಳಗಿನವರ ರಾಜ್ಯ ತಂಡದ ಆಯ್ಕೆ, ಈ ಮೂರು ಬಾಗಿಲು ತಟ್ಟಿ. ಕ್ರೀಡಾ ನಿಲಯವೋ ಅಕಾಡೆಮಿಯೋ ನೋಡಲು ಹೋದಾಗ ಕಟ್ಟಡ ನೋಡಬೇಡಿ. ಒಂದು ಸಂಜೆ ಪೂರ್ತಿ ಕೂತು ಮೂರು ಸಂಗತಿ ಎಣಿಸಿ: ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು, ಒಂದೂವರೆ ಗಂಟೆಯಲ್ಲಿ ಒಬ್ಬ ಹುಡುಗನ ಕೈಗೆ ಎಷ್ಟು ನಿಮಿಷ ಚೆಂಡು ಸಿಗುತ್ತದೆ, ಎತ್ತರದವರಿಗೂ ಡ್ರಿಬಲ್ ಕಲಿಸುತ್ತಾರೋ ಇಲ್ಲವೋ. ಹನ್ನೆರಡು ಮಕ್ಕಳಿಗೆ ಎರಡೇ ಚೆಂಡು ಕೊಟ್ಟು ಸಾಲಲ್ಲಿ ನಿಲ್ಲಿಸುವ ಜಾಗಕ್ಕೆ ದುಡ್ಡು ಕಟ್ಟಬೇಡಿ.

ಯುರೋಪಿನ ಕ್ಲಬ್ಬಿಗೆ ಸೇರಿಸುತ್ತೇವೆ ಎಂದು ಯಾರಾದರೂ ಬಂದರೆ ಎಚ್ಚರ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ನಿಯಮದ ಪ್ರಕಾರ 18 ತುಂಬದ ಆಟಗಾರನನ್ನು ವಿಶೇಷ ಸಂದರ್ಭಗಳಲ್ಲಿ ಬಿಟ್ಟು ಬೇರೆ ದೇಶಕ್ಕೆ ವರ್ಗಾಯಿಸುವಂತಿಲ್ಲ. ಆ ವಿಶೇಷ ಅನುಮತಿಯ ಕಾಗದ ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಕೊಡಬೇಡಿ. ಅಮೆರಿಕದ ಕಾಲೇಜು ದಾರಿ ಮಾತ್ರ ತೆರೆದಿದೆ. ಅಲ್ಲಿ ಮೊದಲ ದರ್ಜೆಯ ಕಾಲೇಜು ತಂಡಗಳಲ್ಲಿ ಆಡಲು ಒಂಬತ್ತನೇ ತರಗತಿಯಿಂದ ಲೆಕ್ಕ ಹಿಡಿಯುವ, ಗಣಿತ, ವಿಜ್ಞಾನ, ಇಂಗ್ಲಿಷ್ ಮುಂತಾದ 16 ಕಡ್ಡಾಯ ಪಠ್ಯಗಳು ಪಾಸಾಗಿರಬೇಕು. ಟೂರ್ನಿ ಟೂರ್ನಿ ಎಂದು ಶಾಲೆ ತಪ್ಪಿಸಿ, ಕೊನೆಗೆ ಈ ಲೆಕ್ಕದಲ್ಲಿ ಒಂದೆರಡು ಪಠ್ಯ ಕಡಿಮೆಯಾದರೆ ಆಟ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ನಿಮ್ಮ ಮಗ ಒಂಬತ್ತಕ್ಕೆ ಕಾಲಿಡುವ ವರ್ಷದಿಂದಲೇ ಪ್ರತಿ ವರ್ಷದ ಅಂಕಪಟ್ಟಿಯನ್ನೂ ಪಠ್ಯಕ್ರಮದ ಪ್ರತಿಯನ್ನೂ ಒಂದು ಕಡತದಲ್ಲಿ ಜೋಡಿಸಿಡಿ.